ಯಾರು ಬಂದಿಲ್ಲ?

ನಮ್ಮೂರಿನ ಮೆಥೊಡಿಸ್ಟ್ ಸಭೆಯಲ್ಲಿ ಐತವಾರದ ಆರಾಧನೆ ಆಶೀರ್ವಾದಕ್ಕೇ ಮುಗಿಯುತ್ತಿರಲಿಲ್ಲ. ಪಾಸ್ಟರು ಕೈಯೆತ್ತಿ ಆಶೀರ್ವಾದ ಹೇಳಿ, ಜನ ಆಮೆನ್ ಅಂದು ಚಾಪೆ ಬಿಟ್ಟು ಎದ್ದ ಮೇಲೂ ಹೆಂಗಸರ ಸಾಲು ಕದಲುತ್ತಿರಲಿಲ್ಲ. ಬಾರದವರ ಮಾತು ಆಗ ಶುರುವಾಗುತ್ತಿತ್ತು. ‘ಮೂಲಿಮನಿಯಾಕಿ ಬಂದಿಲ್ಲ, ಯಾಕ?’ ‘ಕೂಸಿಗೆ ಜ್ವರ ಬಂದಾವ.’ ‘ಆಕಿ ನಾದಿನಿ?’ ‘ಕಬ್ಬು ಕಡಿಯೋ ಮಂದಿ ಜೋಡಿ ಹೋಗ್ಯಾಳ.’ ‘ಯಾರಿಗೆ ಹೇಳಿ ಹೋದಳು?’ ಉತ್ತರ ಸಿಗದ ಒಂದು ಹೆಸರು ಉಳಿಯಿತೆಂದರೆ ಅದು ಆ ವಾರದ ಕೆಲಸ. ಮಧ್ಯಾಹ್ನ ರೊಟ್ಟಿ ತಿಂದವರು ಯಾರಾದರೊಬ್ಬರು ಆ ಮನೆಗೆ ಹೋಗಿ ಬರಲೇಬೇಕು. ಸಾಲ, ಜೀತ, ಸಾರಾಯಿ, ಜಾತಿ, ಊರಿನ ಯಾವ ಸಂಕಟದೊಳಗೆ ನಮ್ಮ ಸಭೆ ಕಾಲಿಟ್ಟಿದ್ದರೂ ಈ ಪ್ರಶ್ನೆಯ ಬೆನ್ನು ಹತ್ತಿಯೇ ಕಾಲಿಟ್ಟಿತು. ಅರವತ್ತು ದಾಟಿದ ಮೇಲೆ ಹಿಂದೆ ನೋಡಿದರೆ ನನಗೆ ಹಾಗೆ ಕಾಣುತ್ತದೆ.

ಊರು ಬೀದರ್ ಜಿಲ್ಲೆಯದು. ತೊಗರಿ, ಉದ್ದು, ಜೋಳದ ಸೀಮೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹತ್ತು ಹನ್ನೆರಡು ಮನೆಗಳ ಕ್ಲಾಸ್ ಲೀಡರ್ ಆಗಿದ್ದಳು. ಅಕ್ಷರ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ತನ್ನ ಪಾಲಿನ ಮನೆಗಳಿಗೆ ಹೋಗುವುದು, ಕೂತು ಒಂದು ಪ್ರಾರ್ಥನೆ ಮಾಡುವುದು, ಕೊಟ್ಟಷ್ಟು ಕಾಣಿಕೆ ತರುವುದು ಅವಳ ಕೆಲಸ. ಹತ್ತು ಪೈಸೆ ಇದ್ದವರು ಹತ್ತು ಪೈಸೆ ಕೊಟ್ಟರು, ಇಲ್ಲದವರು ಒಂದು ಹಿಡಿ ಜೋಳ ಕೊಟ್ಟರು. ದುಡ್ಡು ಅವಳ ಎಲೆಅಡಿಕೆ ಸಂಚಿಯ ಒಳಖಾನೆಗೆ ಬೀಳುತ್ತಿತ್ತು. ಜೋಳ ಚರ್ಚಿನ ಮೂಲೆಯಲ್ಲಿದ್ದ ಕಟ್ಟಿಗೆಯ ಪೆಟ್ಟಿಗೆಗೆ. ಶನಿವಾರ ರಾತ್ರಿ ಕಂದೀಲಿನ ಮುಂದೆ ಅಪ್ಪ ವಹಿ ಬಿಚ್ಚಿಕೊಂಡು ಕೂರುತ್ತಿದ್ದರು. ಅವರು ಸಾಲಿ ಮಾಸ್ತರರು. ಆಯಿ ಹೇಳಿದಂತೆ ಬರೆಯುತ್ತ ಹೋಗುವರು. ಮೊದಲ ಸಾಲಿನಲ್ಲಿ ಮನೆಯ ಹೆಸರು, ಎರಡನೆಯದರಲ್ಲಿ ಕಾಣಿಕೆ, ಮೂರನೆಯದರಲ್ಲಿ ಕ್ಷೇಮ. ಆ ಮೂರನೆಯ ಸಾಲನ್ನು ಓದಲು ನನಗೆ ಬಹಳ ಆಸೆ. ‘ಎಮ್ಮೆ ಸತ್ತಿದೆ.’ ‘ಗಂಡ ಬಡಿದು ಹಲ್ಲು ಮುರಿದಿದೆ.’ ‘ಮಗಳು ತವರಿಗೆ ಬಂದು ಕೂತಿದ್ದಾಳೆ.’ ‘ಸಾಹುಕಾರನ ಬಡ್ಡಿ ತೀರಿಲ್ಲ.’ ಅಪ್ಪನ ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಎಷ್ಟೋ ವಾರ ಎರಡನೆಯ ಸಾಲು ಖಾಲಿ ಇರುತ್ತಿತ್ತು. ಮೂರನೆಯದು ಖಾಲಿ ಇದ್ದರೆ ಆಯಿ ಒಪ್ಪುತ್ತಿರಲಿಲ್ಲ. ‘ಹೋಗಿದ್ದೆ, ಆದ್ರ ಆಕಿ ಬಾಯಿ ಬಿಡಲಿಲ್ಲ ಅಂತ ಬರಿ’ ಅನ್ನುವಳು.

ಕರ್ನಾಟಕಕ್ಕೆ ಮೆಥೊಡಿಸ್ಟರು ಎರಡು ದಾರಿಯಿಂದ ಬಂದರು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿಗೆ ಬಂದು ಮುಂದೆ ಗುಬ್ಬಿ, ತುಮಕೂರು, ಮೈಸೂರು, ಹಾಸನದ ಕಡೆ ಬೆಳೆಯಿತು. ಮೈಸೂರಿನಲ್ಲಿ ಅಚ್ಚುಕೂಟ ನಡೆಸಿ, ‘ವೃತ್ತಾಂತ ಪತ್ರಿಕೆ’ ಹೊರಡಿಸಿದವರು ಅವರು. ಅವರ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಒಳಗೆ ಕೂಡಿಹೋದವು. ನಮ್ಮದು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ದಾರಿ. 1876–78ರ ಬರಗಾಲದಲ್ಲಿ ಅನಾಥ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟಿಯವರ ಕೋಲಾರದ ಕೆಲಸ 1890ರಲ್ಲಿ ಈ ಮಿಷನ್ನಿನ ಕೈಗೆ ಬಂತು. ಬೀದರ್, ಕಲಬುರಗಿ, ಬೆಳಗಾವಿ, ರಾಯಚೂರಿನ ಕಡೆಗೂ ಅವರೇ ಬಂದರು. ಈ ಸಭೆಗಳು 1981ರಲ್ಲಿ ‘ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂದು ಸ್ವತಂತ್ರವಾದವು. ಬೀದರಿನಲ್ಲಿ ಮಿಷನ್ ಮೊದಲು ತೆರೆದ ಬಾಗಿಲುಗಳು ದವಾಖಾನೆ ಮತ್ತು ಸಾಲೆ. ಆಗ ನಮ್ಮದು ನಿಜಾಮನ ರಾಜ್ಯ. ಸಾಲೆಯ ಒಳಗೆ ಕೂರಲು ನಮ್ಮವರಿಗೆ ಚಾಪೆ ಸಿಕ್ಕಿದ್ದು ಅಲ್ಲೇ ಮೊದಲು. ‘ಹಾಲಿನ ಪುಡಿಗೆ ಮತ ಬಿಟ್ಟವರು’ ಅಂತ ನಮ್ಮನ್ನು ಹಂಗಿಸುವವರು ಇಂದಿಗೂ ಇದ್ದಾರೆ. 1972ರ ಬರದಲ್ಲಿ ಹಾಲಿನ ಪುಡಿ, ಗೋಧಿ ನುಚ್ಚು ಬಂದದ್ದು ನಿಜ. ನಾನು ಕುಡಿದಿದ್ದೇನೆ, ತಿಂದಿದ್ದೇನೆ. ನಮ್ಮ ಮುತ್ಯಾ ಸಭೆಗೆ ಸೇರಿದ್ದು ಅದಕ್ಕಿಂತ ಬಹಳ ಹಿಂದೆ. ಸೇರಿದ ಕಾರಣವನ್ನು ಅವನು ಹೇಳುತ್ತಿದ್ದ: ಪಾದ್ರಿ ಮನೆಯೊಳಗೆ ಬಂದು ಮಂಚದ ಮೇಲೆ ಕೂತ, ನಮ್ಮ ಬಿಂದಿಗೆಯ ನೀರು ಕುಡಿದ. ಹೊರಗಿನವನೊಬ್ಬ ಆ ಮನೆಯಲ್ಲಿ ಹಾಗೆ ಕೂತದ್ದು ಅದೇ ಮೊದಲಂತೆ.

ಆಯಿಯ ವಹಿಯಲ್ಲಿ ಒಂದು ಮನೆಯ ಮುಂದೆ ವಾರ ವಾರವೂ ಒಂದೇ ಮಾತು ಬೀಳುತ್ತಿತ್ತು: ‘ಗಂಡ ಗೌಡರ ತೋಟದಲ್ಲಿ.’ ಹೆಂಡತಿ ತಪ್ಪದೆ ಚರ್ಚಿಗೆ ಬರುವಳು, ಮಕ್ಕಳು ಬರುವರು, ಗಂಡನನ್ನು ಮಾತ್ರ ನಾವು ಕಂಡವರಲ್ಲ. ಆಗ ಹೊಸದಾಗಿ ಬಂದಿದ್ದ ಪಾಸ್ಟರು ಒಂದು ದಿನ ಅವಳನ್ನು ಕೇಳಿದರು, ‘ಐತವಾರಾನೂ ಬಿಡೂದಿಲ್ಲೇನವ್ವಾ?’

‘ದನಕ್ಕ, ಆಳಿಗಿ ಐತವಾರ ಎಲ್ಲಿಂದ ಬಂತ್ರಿ ಸಾಹೇಬ್ರ?’ ಅಂದಳು. ದುಃಖದಿಂದ ಅಂದದ್ದಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು.

ಅವನು ಜೀತಕ್ಕಿದ್ದ. ಅಪ್ಪನ ರೋಗಕ್ಕೆ ಮಾಡಿದ ಸಾಲ, ಅದರ ಮೇಲೆ ತಂಗಿಯ ಮದುವೆಯ ಸಾಲ. ಹೆಬ್ಬೆಟ್ಟು ಒತ್ತಿದ ಕಾಗದ ಗೌಡರ ಪೆಟ್ಟಿಗೆಯಲ್ಲಿತ್ತು. ವರ್ಷಕ್ಕೆ ಇಷ್ಟು ಜೋಳ, ಒಂದು ಕಂಬಳಿ, ಒಂದು ಜೋಡು ಕಾಲ್ಮರಿ. ಹಗಲು ನೇಗಿಲು, ರಾತ್ರಿ ದನದ ಕೊಟ್ಟಿಗೆಯಲ್ಲಿ ಕಾವಲು. ಜ್ವರ ಬಂದು ಮಲಗಿದ ದಿನಗಳನ್ನು ಲೆಕ್ಕ ಹಿಡಿದು ಸಾಲಕ್ಕೆ ಸೇರಿಸುತ್ತಿದ್ದರು. ನಿಜಾಮನ ಕಾಲದಲ್ಲಿ ಇದಕ್ಕೆ ಭಾಗೇಲಾ ಅನ್ನುತ್ತಿದ್ದರು. ಅದನ್ನು ಹದ್ದುಬಸ್ತಿನಲ್ಲಿಡಲು 1936ರಲ್ಲೇ ಹೈದರಾಬಾದ್ ಸರ್ಕಾರ ಒಂದು ಕಾಯಿದೆ ಮಾಡಿತ್ತು. ನಮ್ಮ ಹಳ್ಳಿಯ ಹೊಲಗಳಿಗೆ ಅದರ ಸುದ್ದಿಯೂ ಮುಟ್ಟಿರಲಿಲ್ಲ.

ಪಾಸ್ಟರು ಹಿರಿಯರ ಸಭೆ ಕರೆದರು. ಮಕ್ಕಳಾದ ನಾವು ಕಿಟಕಿಯ ಹೊರಗೆ ಕೂತು ಕೇಳಿದೆವು. ಒಬ್ಬರು ಸಿಟ್ಟಿನಿಂದ ಅಂದದ್ದು ಕಿವಿಯಲ್ಲಿ ಹಾಗೇ ಇದೆ: ‘ಚರ್ಚಿನಾಗ ಇದು ಬ್ಯಾಡ್ರಿ. ನೀವು ನಾಳಿ ವರ್ಗ ಆಗಿ ಹೋಗ್ತೀರಿ. ಗೌಡ ಬಾವಿ ಬಂದ್ ಮಾಡಿದ್ರ ನಾವು ಎಲ್ಲಿ ಹೋಗೂದು?’ ಅದು ಹೇಡಿತನದ ಮಾತೆಂದು ನಾನು ಹೇಳಲಾರೆ. ಕೇರಿಗೆ ನೀರು ಬರುತ್ತಿದ್ದದ್ದು ಆ ಬಾವಿಯಿಂದ, ಕಳೆ ತೆಗೆಯುವ ಕೂಲಿ ಸಿಗುತ್ತಿದ್ದದ್ದು ಆ ಹೊಲದಲ್ಲಿ. ಹಾಗೆ ಅಂದವರ ಮನೆಯಲ್ಲಿ ಐದು ಮಕ್ಕಳಿದ್ದರು.

ಮುಂದಿನ ಐತವಾರದ ಪ್ರಸಂಗ ವಿಮೋಚನಕಾಂಡದ ಮೇಲೆ. ಮೋಶೆ ಫರೋಹನ ಮುಂದೆ ನಿಂತು ಮೊದಲು ಕೇಳಿದ್ದು ಪೂರ್ತಿ ಬಿಡುಗಡೆಯನ್ನಲ್ಲ, ಅಡವಿಗೆ ಹೋಗಿ ದೇವರನ್ನು ಆರಾಧಿಸಲು ಮೂರು ದಿನದ ದಾರಿಯ ಬಿಡುವನ್ನು. ಪಾಸ್ಟರು ಅದನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಆರಾಧನೆಗೆ ಬಿಡುವು ಕೇಳಿದೊಡನೆ ಫರೋಹನಿಗೆ ಗೊತ್ತಾಯಿತು, ಇವರು ತನ್ನವರಲ್ಲ, ಇವರಿಗೆ ಬೇರೊಬ್ಬ ಯಜಮಾನನಿದ್ದಾನೆ ಎಂದು. ಅದಕ್ಕೇ ಅವನು ಇಟ್ಟಿಗೆಗೆ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಆಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಭಕ್ತಿ ಒಂದು ಕಡೆ, ಬದುಕಿನ ಹೋರಾಟ ಇನ್ನೊಂದು ಕಡೆ ಎಂಬ ಮಾತು ಬಂದಾಗಲೆಲ್ಲ ನನ್ನ ಉತ್ತರ ಈ ಪ್ರಸಂಗವೇ. ಒಬ್ಬ ಮನುಷ್ಯನಿಗೆ ಪ್ರಾರ್ಥನೆಗೆ ಬರುವಷ್ಟೂ ತನ್ನ ಮೈ ತನ್ನದಲ್ಲವೆಂದ ಮೇಲೆ, ಅವನ ಪ್ರಾರ್ಥನೆಯ ಪ್ರಶ್ನೆಯೂ ಅವನ ಕೂಲಿಯ ಪ್ರಶ್ನೆಯೂ ಒಂದೇ.

ಅವರು ಮೊದಲು ಐತವಾರವನ್ನಷ್ಟೇ ಕೇಳಿದರು. ಪಾಸ್ಟರು, ಆಯಿ, ಇನ್ನಿಬ್ಬರು ಹೆಂಗಸರು ಗೌಡರ ಕಟ್ಟೆಯ ಕೆಳಗೆ ನಿಂತು, ‘ವಾರದಾಗ ಒಂದು ಹೊತ್ತು ಬಿಡ್ರಿ ಯಪ್ಪಾ’ ಅಂತ ಕೇಳಿದರು. ಗೌಡರು ಬಿಡಲಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಅವನಿಗೆ ಏಟು ಬಿದ್ದವು. ಮರುದಿನವೇ ಆಯಿ ಅವನ ಬೆನ್ನು ನೋಡಿಬಂದು ಅಪ್ಪನ ಕೈಯಲ್ಲಿ ಬರೆಸಿದಳು. ಶನಿವಾರದ ತನಕ ಕಾಯಲಿಲ್ಲ. ಆ ಹೊತ್ತಿಗೆ ತುರ್ತುಪರಿಸ್ಥಿತಿಯ ಕಾಲ. ಜೀತ ರದ್ದಾಗಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ. ಜೀತ ಬಿಟ್ಟವನ ಸಾಲವೂ ಅಲ್ಲಿಗೇ ರದ್ದು ಎಂದು ಅದರಲ್ಲಿತ್ತು. ಅಪ್ಪ ಅರ್ಜಿ ಬರೆದರು, ಕೆಳಗೆ ಚರ್ಚಿನವರ ಸಹಿ, ಹೆಬ್ಬೆಟ್ಟು ಬಿದ್ದವು. ಬಾವಿಯ ಮಾತು ಎತ್ತಿದ ಹಿರಿಯರೂ ಕೊನೆಗೆ ಹೆಬ್ಬೆಟ್ಟು ಒತ್ತಿದರು. ಓಡಾಟ ಬಹಳ ಆಯಿತು. ತಹಶೀಲ ಕಚೇರಿ, ಎ.ಸಿ. ಕಚೇರಿ, ಮತ್ತೆ ತಹಶೀಲ ಕಚೇರಿ. ಕಡೆಗೆ ಬಿಡುಗಡೆಯ ಕಾಗದ ಕೈಗೆ ಬಂತು.

ಬಾವಿಯೂ ಬಂದಾಯಿತು. ಹಿರಿಯರು ಹೇಳಿದ್ದು ಸುಳ್ಳಾಗಲಿಲ್ಲ. ಒಂದು ಹಂಗಾಮು ಪೂರ್ತಿ ನಮ್ಮ ಕೇರಿಯ ಹೆಂಗಸರನ್ನು ಆ ಹೊಲಗಳಿಗೆ ಕರೆಯಲಿಲ್ಲ. ಚರ್ಚಿನ ಜೋಳದ ಪೆಟ್ಟಿಗೆಯ ಬಾಯಿ ತೆರೆದದ್ದು ಆಗ. ಸೇರಿನಲ್ಲಿ ಅಳೆದು ಕೊಟ್ಟರು. ಚರ್ಚಿಗೆ ಬಾರದ, ಮರಗಮ್ಮನಿಗೆ ಕೋಳಿ ಕೊಡುವ ಮನೆಗಳಿಗೂ ಕೊಟ್ಟರು, ಏಕೆಂದರೆ ಕೂಲಿ ಹೋದದ್ದು ಕೇರಿಗೆಲ್ಲ. ‘ಅವರಿಗ್ಯಾಕ?’ ಅಂದವರಿಗೆ ಆಯಿ, ‘ಅವರ ಬಾವಿನೂ ಬಂದ್ ಆಗ್ಯಾದ’ ಅಂದಳು. ಬಿಡುಗಡೆಯಾದವನು ಮೊದಲ ಐತವಾರ ಚರ್ಚಿಗೆ ಬಂದು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತ. ಪ್ರಸಂಗ ಶುರುವಾಗುವ ಮೊದಲೇ ನಿದ್ದೆ ಹೋದ. ಯಾರೂ ಎಬ್ಬಿಸಲಿಲ್ಲ. ಹಾಡಿಗೆ ಎಲ್ಲರೂ ಎದ್ದು ನಿಂತರೂ ಅವನು ಮಲಗೇ ಇದ್ದ.

ಮುಂದೆ ನಾನೂ ಶಿಕ್ಷಕಿಯಾದೆ. ಬೆಂಗಳೂರಿನಲ್ಲಿ ತರಬೇತಿಗೆಂದು ಇದ್ದಾಗ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಬರಹಗಳನ್ನು, ಮೆಥೊಡಿಸ್ಟರ ಚರಿತ್ರೆಯನ್ನು ಓದುವ ಅವಕಾಶ ಸಿಕ್ಕಿತು. ಆಯಿಯ ವಹಿಯ ಹುಟ್ಟು ಎಲ್ಲಿಯದೆಂದು ತಿಳಿದದ್ದು ಆಗ. 1742ರಲ್ಲಿ ಬ್ರಿಸ್ಟಲಿನ ಮೆಥೊಡಿಸ್ಟರ ಮೇಲೆ ಪ್ರಾರ್ಥನಾಮಂದಿರ ಕಟ್ಟಿದ ಸಾಲವಿತ್ತು. ಫಾಯ್ ಎಂಬ ಹಡಗಿನ ಕ್ಯಾಪ್ಟನ್ ಒಂದು ಸಲಹೆ ಕೊಟ್ಟ: ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ. ಬಡವರು ಕೊಡಲಾರರಲ್ಲ ಎಂದದ್ದಕ್ಕೆ, ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ವಾರವಾರ ಅವರ ಮನೆಗೆ ಹೋಗಿ ಕೇಳುತ್ತೇನೆ, ಅವರಿಂದಾಗದಿದ್ದರೆ ನಾನೇ ತುಂಬುತ್ತೇನೆ ಎಂದ. ಹಾಗೆ ಮನೆಮನೆಗೆ ಹೋದವರ ಕಣ್ಣಿಗೆ ಪೆನ್ನಿಗಿಂತ ಹೆಚ್ಚಿನದು ಬಿತ್ತು. ಒಬ್ಬ ಕುಡಿದು ಬಿದ್ದಿದ್ದ, ಒಬ್ಬಳ ಮನೆಯಲ್ಲಿ ಜಗಳ, ಇನ್ನೊಬ್ಬ ಹಾಸಿಗೆ ಹಿಡಿದಿದ್ದ. ಸಾಲ ವಸೂಲಿಗೆ ಹುಟ್ಟಿದ ಏರ್ಪಾಟು ಜನರ ಕ್ಷೇಮ ಕೇಳುವ ಏರ್ಪಾಟಾಯಿತು. ಮೆಥೊಡಿಸ್ಟರ ಕ್ಲಾಸ್ ಎಂದರೆ ಅದೇ. ಲಂಡನ್ನಿನ ಫೌಂಡ್ರಿ ಎಂಬ ಮೆಥೊಡಿಸ್ಟ್ ಮಂದಿರದಲ್ಲಿ 1746ರಲ್ಲಿ ವೆಸ್ಲಿ ಬಡವರಿಗೆ ಔಷಧ ಕೊಡುವ ಕೋಣೆ ತೆರೆದ, ಸಣ್ಣ ಕೈಗಡ ಕೊಡುವ ನಿಧಿ ಶುರುಮಾಡಿದ. ಮನೆಗಳೊಳಗೆ ಹೋಗಿ ನೋಡದವರಿಗೆ ಇವೆಲ್ಲ ಹೊಳೆಯುವುದಿಲ್ಲ ಎಂದು ನನಗೆ ಅನಿಸುತ್ತದೆ.

ಬ್ರಿಸ್ಟಲ್ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಬಂದರು. ಅಲ್ಲಿಯೇ ಬೆಳೆದ ಸಭೆಯ ಮುಖಂಡ ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ. ಸಾಯುವುದಕ್ಕೆ ಕೆಲವೇ ದಿನ ಮೊದಲು, 1791ರ ಫೆಬ್ರುವರಿ 24ರಂದು, ಆ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಕಾಗದ ಬರೆದ. ವಸಾಹತುಗಳಲ್ಲಿ ಬಿಳಿಯನ ವಿರುದ್ಧ ಕರಿಯನ ಸಾಕ್ಷಿಗೆ ಬೆಲೆಯೇ ಇಲ್ಲವೆಂಬುದು ಅವನನ್ನು ಆ ವಯಸ್ಸಿನಲ್ಲೂ ಕುದಿಸಿತ್ತು. ಅದನ್ನು ಓದಿದಾಗ ನಾನು ನೆನೆದದ್ದು ನಮ್ಮ ಜೀತದವನನ್ನು. ಅವನು ಹೇಳಿದರೆ ಯಾರೂ ನಂಬದ ಮಾತು ಅಪ್ಪನ ದುಂಡಕ್ಷರದಲ್ಲಿ, ಇಷ್ಟು ಜನರ ಹೆಬ್ಬೆಟ್ಟಿನ ಮೇಲೆ, ಸಾಕ್ಷಿಯಾಗಿತ್ತು. ನಮ್ಮ ಮಿಷನ್ನಿನ ಮೂಲವಾದ ಅಮೆರಿಕದ ಸಭೆ 1908ರಲ್ಲಿ ಕೂಲಿಕಾರರ ಪರವಾಗಿ ಒಂದು ಸಾಮಾಜಿಕ ವಿಶ್ವಾಸಪ್ರಮಾಣವನ್ನು ಒಪ್ಪಿಕೊಂಡಿತು. ಮಕ್ಕಳ ದುಡಿಮೆ ನಿಲ್ಲಬೇಕು, ಬದುಕುವಷ್ಟು ಕೂಲಿ ಸಿಗಬೇಕು, ವಾರಕ್ಕೊಂದು ದಿನ ಬಿಡುವು ಇರಬೇಕು ಎಂಬುದೆಲ್ಲ ಅದರಲ್ಲಿದೆ. ಆಯಿಗೆ ಅದರ ಗಂಧ ಇರಲಿಲ್ಲ. ಗೌಡರ ಕಟ್ಟೆಯ ಕೆಳಗೆ ನಿಂತು ಅವಳು ಕೇಳಿದ್ದು ಅದನ್ನೇ.

ಆದರೆ ಆ ಚರಿತ್ರೆಯಲ್ಲಿ ಇನ್ನೊಂದು ಪುಟವೂ ಇದೆ. ಫಿಲಡೆಲ್ಫಿಯದ ಸೇಂಟ್ ಜಾರ್ಜ್ ಮೆಥೊಡಿಸ್ಟ್ ಚರ್ಚಿನಲ್ಲಿ ಪ್ರಾರ್ಥನೆಗೆಂದು ಮೊಣಕಾಲೂರಿದ್ದ ಕಪ್ಪು ಜನರನ್ನು, ಇದು ನಿಮ್ಮ ಜಾಗವಲ್ಲವೆಂದು ಹಿಡಿದೆಳೆದು ಎಬ್ಬಿಸಿದರು. ರಿಚರ್ಡ್ ಅಲೆನ್ ಮತ್ತು ಅವರ ಸಂಗಡಿಗರು ಹೊರನಡೆದರು. 1816ರಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್ ಬೇರೆಯೇ ಆಯಿತು. 1844ರಲ್ಲಿ ಬಿಳಿಯರ ಸಭೆಯೇ ಗುಲಾಮಗಿರಿಯ ಪ್ರಶ್ನೆಯ ಮೇಲೆ ಎರಡಾಗಿ ಒಡೆಯಿತು. ಒಂದೇ ಹಾಡು ಹಾಡುವವರು, ಒಂದೇ ಭೋಜನಕ್ಕೆ ಕೈಯೊಡ್ಡುವವರು. ನನಗೆ ಆ ಪುಟ ಓದುವಾಗ ಎದೆ ಬಡಿದುಕೊಂಡಿತು, ಏಕೆಂದರೆ ನಮ್ಮ ಚರ್ಚಿನ ನೆಲದ ಮೇಲೂ ಒಂದು ಗೆರೆ ಇತ್ತು.

ಅದನ್ನು ಯಾರೂ ಎಳೆದಿರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು. ಊರಿನಲ್ಲಿ ನಮ್ಮವು ಎರಡು ಕೇರಿಗಳು, ಹೊಲೆಯರದು, ಮಾದಿಗರದು. ಎರಡೂ ಕೇರಿಯಿಂದ ಜನ ಸಭೆಗೆ ಬಂದರು, ಬಂದು ಎರಡು ಗುಂಪಾಗಿ ಕೂತರು. ಊರಿನ ಹೋಟೆಲಿನಲ್ಲಿ ಇಬ್ಬರಿಗೂ ಹೊರಗಿನ ಗೂಟದ ಮೇಲಿನ ಬಸಿಯೇ ಗತಿ. ಚರ್ಚಿನಲ್ಲಿ ಮಾತ್ರ ಒಬ್ಬರಿಗೆ ಇನ್ನೊಬ್ಬರ ಮೈಲಿಗೆ. ಕರ್ತನ ಭೋಜನದ ದಿನ ಅದು ಬಯಲಾಗುತ್ತಿತ್ತು. ಪಾತ್ರೆ ಒಂದೇ, ಹಿತ್ತಾಳೆಯದು. ಪಾಸ್ಟರು ಒಬ್ಬೊಬ್ಬರ ತುಟಿಗೂ ಹಿಡಿದು, ಬಿಳಿ ಬಟ್ಟೆಯಿಂದ ಅಂಚು ಒರೆಸಿ ಮುಂದೆ ಹೋಗುತ್ತಿದ್ದರು. ನಮ್ಮ ಕೇರಿಯವರು ಮೊದಲ ಸಾಲಿನಲ್ಲಿ ಹೋಗಿ ಮೊಣಕಾಲೂರುವರು. ಆ ಕೇರಿಯವರು ಆಮೇಲೆ. ಒಂದು ಸಲ ಪಾಸ್ಟರು ಆಚೆಯ ಸಾಲಿನಿಂದ ಶುರುಮಾಡಿದರು. ನಮ್ಮ ಕೇರಿಯ ಮುದುಕಿಯೊಬ್ಬಳು ಪಾತ್ರೆ ತುಟಿಯ ಹತ್ತಿರ ಬರುತ್ತಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಾಸ್ಟರು ಪಾತ್ರೆ ಹಿಂದೆಗೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತರೋ, ಹಾಡುತ್ತಿದ್ದವರು ಹಾಡು ಮುಗಿಸಿ ಮತ್ತೆ ಮೊದಲಿಂದ ಎತ್ತಿಕೊಂಡರು. ಅವಳು ಬಾಯಿ ತೆರೆಯದೆ ಎದ್ದು ಹೋದಳು.

ಹೊರಗಿನವರು ನಮಗೆ ಮಾಡಿದ್ದನ್ನು ನಾವು ಒಳಗೆ ಇನ್ನೊಬ್ಬರಿಗೆ ಮಾಡಿದೆವು. ಸುವಾರ್ತೆಗೆ ಇದಕ್ಕಿಂತ ದೊಡ್ಡ ಅಪಮಾನ ನನಗೆ ಗೊತ್ತಿಲ್ಲ. ಪಾಸ್ಟರು ಪ್ರಸಂಗದಲ್ಲಿ ಬೈಯಲಿಲ್ಲ, ಕ್ಲಾಸುಗಳನ್ನು ಕಲಸಿಬಿಟ್ಟರು. ನಮ್ಮ ಆಯಿಗೆ ಮಾದಿಗರ ಕೇರಿಯ ಮನೆಗಳು ಬಂದವು, ಅಲ್ಲಿಯ ಹಿರಿಯಳೊಬ್ಬಳಿಗೆ ನಮ್ಮ ಕೇರಿಯ ಮನೆಗಳು. ಆಯಿ ಮೊದಲ ವಾರ ಆ ಕೇರಿಗೆ ಹೋದಾಗ ನಾನು ಜೊತೆಗಿದ್ದೆ. ತೊಗಲು ನೆನೆಹಾಕಿದ ಗುಂಡಿ ದಾಟಿ ಹೋಗಬೇಕು. ಮನೆಯಾಕೆ ಹೊರಗೆ ಚಾಪೆ ಹಾಸಿದಳು, ನೀರು ಕೊಡಲಿಲ್ಲ. ಕೊಡುವುದೋ ಬೇಡವೋ ಎಂದು ನೋಡುತ್ತಿದ್ದಳು. ಆಯಿ ಪ್ರಾರ್ಥನೆ ಮುಗಿಸಿ ಎದ್ದವಳು ಮತ್ತೆ ಕೂತಳು. ‘ನೀರಡಿಕಿ ಆಗ್ಯಾದವ್ವ’ ಅಂದಳು. ತಂಬಿಗೆ ಬಂತು. ಅರ್ಧ ಕುಡಿದು ಉಳಿದದ್ದನ್ನು ನನ್ನ ಕೈಗಿಟ್ಟಳು. ಆ ನೀರಿನಲ್ಲಿ ಒಲೆಯ ಹೊಗೆಯ ವಾಸನೆ ಇತ್ತು. ಮನೆಗೆ ಬಂದ ಮೇಲೆ ನಮ್ಮ ಅತ್ತೆ ಒಂದು ವಾರ ಆಯಿಯ ಜೊತೆ ಮಾತು ಬಿಟ್ಟಳು.

ನೀರು ಒಂದಾಯಿತು, ಊಟ ಒಂದಾಯಿತು, ಪಾತ್ರೆಯ ಜಗಳ ಮುಗಿಯಿತು. ಮದುವೆ ಇಂದಿಗೂ ಆಗಿಲ್ಲ. ಎರಡು ಕೇರಿಗಳ ಹುಡುಗ ಹುಡುಗಿ ಮದುವೆಯಾಗುತ್ತೇವೆ ಅಂದರೆ ಚರ್ಚಿನ ಹಿರಿಯರ ಮನೆಯಲ್ಲೇ ಬಾಗಿಲು ಮುಚ್ಚುತ್ತದೆ. ಬೀದರಿನ ಬೀದಿಯಲ್ಲಿ ನಿಂತು ಜಾತಿ ಅಳಿಯಲಿ ಎಂದು ಕೂಗಿದವರೂ ಮಗಳ ಮದುವೆಯ ಮಾತು ಬಂದಾಗ ಕೇರಿಯ ಹೆಸರು ಕೇಳುತ್ತಾರೆ. ನಾನು ಇದನ್ನು ಸಭೆಯಲ್ಲಿ ಎದ್ದು ನಿಂತೇ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ಸಾರಾಯಿಯದು ಇದಕ್ಕಿಂತ ಸುಲಭದ ಜಗಳವಾಗಿತ್ತು. ಮೆಥೊಡಿಸ್ಟರಿಗೆ ಕುಡಿತ ಮೊದಲಿನಿಂದಲೂ ವರ್ಜ್ಯ. ಹೆಂಗಸರ ಸಂಘದವರು ಅಂಗಡಿಯ ಮುಂದೆ ಕೂತು ಹಾಡುತ್ತಿದ್ದರು, ಅಂಗಡಿಯವನು ಜಾಗ ಬದಲಿಸುತ್ತಿದ್ದ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಸಣ್ಣ ಪಾಕೀಟಿನ ವಿಸ್ಕಿ ಬಂತು. ಆಯಿ ಇದ್ದಿದ್ದರೆ ವಹಿಯ ಮೂರನೆಯ ಸಾಲಿನಲ್ಲಿ ಹೊಸದೇನೂ ಬರೆಸುತ್ತಿರಲಿಲ್ಲ.

ಬಹಳ ನೋಯಿಸುವ ವಿಷಯ ಹೆಸರಿನದು. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶವೊಂದು ಬಂತು: ಹಿಂದೂ ಧರ್ಮದವರಲ್ಲದೆ ಬೇರೆಯವರು ಪರಿಶಿಷ್ಟ ಜಾತಿ ಎನಿಸಿಕೊಳ್ಳುವಂತಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಸೇರಿಸಿಕೊಂಡರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಗೋಡೆಯನ್ನು ತೆಗೆಯಬೇಕೆಂದು ವರದಿ ಕೊಟ್ಟಿತು, ಗೋಡೆ ಹಾಗೇ ಇದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಪ್ರವರ್ಗ–1ಕ್ಕೆ ಹಾಕಿದ್ದಾರೆ. ನನಗೆ ನೌಕರಿ ಸಿಕ್ಕಿದ್ದು ಅದರಲ್ಲೇ. ಆದರೆ ಹೋಟೆಲಿನ ಗೂಟದ ಮೇಲಿನ ಬಸಿ ಪ್ರವರ್ಗ ನೋಡಿ ಬರುವುದಿಲ್ಲ. ಊರಿನವರಿಗೆ ನಾವು ಇಂದಿಗೂ ಕೇರಿಯ ಮಂದಿ. ಅದೇ ಬೈಗುಳ, ಅದೇ ಏಟು ಬಿದ್ದರೂ 1989ರ ದೌರ್ಜನ್ಯ ತಡೆ ಕಾಯಿದೆಯ ಆಸರೆ ನಮ್ಮ ಮಕ್ಕಳಿಗಿಲ್ಲ.

ಅದಕ್ಕೇ ನಮ್ಮ ಮನೆಗಳಲ್ಲಿ ಎರಡೆರಡು ಹೆಸರು. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಒಂದು, ಸಾಲಿಯ ದಾಖಲೆಯಲ್ಲಿ ಇನ್ನೊಂದು. ಅಪ್ಪ ನಮ್ಮನ್ನು ಕ್ರೈಸ್ತರೆಂದೇ ಬರೆಸಿದರು. ಕಾಕಾ ತಮ್ಮ ಮಕ್ಕಳನ್ನು ಹಾಗೆ ಬರೆಸಲಿಲ್ಲ. ಕಾಕಾನ ಮಗ ಇಂಜಿನಿಯರ್ ಆದ. ಬುದ್ಧಿಯಲ್ಲಿ ಅವನಿಗೆ ಏನೂ ಕಡಿಮೆಯಿಲ್ಲದ ನನ್ನ ತಮ್ಮನಿಗೆ ಸೀಟು ಸಿಗಲಿಲ್ಲ. ಇಬ್ಬರೂ ಐತವಾರ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕಾಕಾ ಸುಳ್ಳು ಹೇಳಿದನೆಂದು ಪ್ರಸಂಗ ಮಾಡಿದ ಒಬ್ಬ ಪಾಸ್ಟರು ನಮ್ಮಲ್ಲಿಗೆ ಬಂದಿದ್ದರು. ಅಪ್ಪ ಅವರನ್ನು ಮನೆಗೆ ಊಟಕ್ಕೆ ಕರೆದು, ಊಟವಾದ ಮೇಲೆ ಹೇಳಿದರು, ‘ಅವನ ಬಾಯಾಗ ಸುಳ್ಳು ಇಟ್ಟವರು ಯಾರು ಅಂತನೂ ಒಂದು ಐತವಾರ ಹೇಳ್ರಿ.’ ನನಗೂ ಅಪ್ಪನ ಮಾತೇ ಸರಿ. ಮಗುವಿನ ಓದಿಗಾಗಿ ತಾಯ್ತಂದೆ ತಮ್ಮ ದೇವರ ಹೆಸರನ್ನು ಮುಚ್ಚಿಡುವಂತೆ ಮಾಡುವ ಆದೇಶವೇ ಅನ್ಯಾಯದ್ದು. ಹೆಡ್‌ಮಾಸ್ತರ ಕೋಣೆಯಲ್ಲಿ ಕೂತು ಮಕ್ಕಳ ಹೆಸರು ಬರೆದುಕೊಳ್ಳುವಾಗ, ‘ಇದು ಬರೀಲ್ಯೋ ಅದು ಬರೀಲ್ಯೋ?’ ಎಂದು ನಮ್ಮವರು ದನಿ ತಗ್ಗಿಸಿ ಕೇಳುವುದನ್ನು ಕಂಡಿದ್ದೇನೆ. ಆ ದನಿಯನ್ನು ಕೇಳಿದವರು ಯಾರೂ ಅವರನ್ನು ಕಳ್ಳರೆನ್ನಲಾರರು. ಹಲವು ಸಭೆಗಳು ಆಗಸ್ಟ್ 10ನ್ನು ಕಪ್ಪು ದಿನವೆಂದು ಆಚರಿಸುತ್ತವೆ. ನಾವೂ ಕಪ್ಪು ಪಟ್ಟಿ ಕಟ್ಟಿಕೊಂಡು ಕೂರುತ್ತೇವೆ, ಕಾಕಾನ ಮನೆಯವರು ನಮಗಿಂತ ಮುಂದಿನ ಸಾಲಿನಲ್ಲಿ.

ಈಗ ನಮ್ಮ ಸಭೆಯಲ್ಲಿ ಕ್ಲಾಸ್ ಇಲ್ಲ. ಯಾವಾಗ ನಿಂತಿತೆಂದು ಹೇಳುವುದು ಕಷ್ಟ. ಆಯಿಯ ಕಾಲದವರು ಒಬ್ಬೊಬ್ಬರಾಗಿ ಹೋದರು, ವಹಿ ಹೊಸದು ಕೊಳ್ಳಲಿಲ್ಲ. ಕೀಬೋರ್ಡು ಬಂದಿದೆ, ಗೋಡೆಗೆ ಟೈಲ್ಸ್ ಬಂದಿದೆ. ಮೇಲಿನ ಹಂತಗಳಲ್ಲಿ ಆಸ್ತಿಯ ವ್ಯಾಜ್ಯಗಳು ತಿನ್ನುವ ಸಮಯ, ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ಊರಿನ ಅರ್ಧ ಯುವಕರು ಹೈದರಾಬಾದಿನ ಕಟ್ಟಡದ ಕೆಲಸದಲ್ಲಿದ್ದಾರೆ. 2020ರಲ್ಲಿ ಲಾಕ್‌ಡೌನ್ ಬಿದ್ದಾಗ ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬ ಪಟ್ಟಿ ನಮ್ಮ ಹತ್ತಿರ ಇರಲಿಲ್ಲ. ಹಿಂದಿನ ಕಾಲವಾಗಿದ್ದರೆ ಇರುತ್ತಿತ್ತು. ಸಭೆಯ ಇಬ್ಬರು ಹುಡುಗಿಯರು, ಒಬ್ಬಳು ನರ್ಸ್, ಒಬ್ಬಳು ಅಂಗನವಾಡಿ ಟೀಚರ್, ಮನೆಮನೆಗೆ ಫೋನ್ ಮಾಡಿ ಆ ಪಟ್ಟಿ ಮಾಡಿದರು. ನಾನು ಅವರಿಗೆ ಆಯಿಯ ವಹಿಯ ವಿಷಯ ಹೇಳಿದೆ. ಮೂರು ಸಾಲಿನ ಲೆಕ್ಕ ಅವರಿಗೆ ಹಿಡಿಸಿತು. ಕಾಣಿಕೆಯ ಸಾಲನ್ನು ತೆಗೆದು ಅಲ್ಲಿ ಫೋನ್ ನಂಬರು ಬರೆದರು.

ಆ ಪಟ್ಟಿ ಲಾಕ್‌ಡೌನ್ ಮುಗಿದ ಮೇಲೂ ಉಳಿಯಿತು. ಅದರಿಂದಲೇ ಈಗ ಸ್ಮಶಾನದ ಪ್ರಶ್ನೆ ಎದ್ದಿದೆ. ನಮ್ಮ ಕೇರಿಗಳಿಗೆ ಹೂಳಲು ಜಾಗವಿಲ್ಲ. ಹಳ್ಳದ ದಂಡೆಯಲ್ಲಿ ಹೂಳುತ್ತೇವೆ, ಮಳೆ ಜೋರಾದರೆ ಮಣ್ಣು ಕೊಚ್ಚಿಹೋಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಮನೆಯವರು ಹೆಣವನ್ನು ಒಂದು ರಾತ್ರಿ ಇಟ್ಟುಕೊಂಡು ಹಳ್ಳ ಇಳಿಯುವುದನ್ನು ಕಾಯಬೇಕಾಯಿತು. ಅದು ಪಟ್ಟಿಯ ಕ್ಷೇಮದ ಸಾಲಿನಲ್ಲಿ ಬಂತು, ಐತವಾರ ಸಭೆಯ ಮುಂದೆ ಬಂತು. ಚರ್ಚಿನ ಹೆಸರಿನಲ್ಲಿ ಕ್ರೈಸ್ತರ ಸ್ಮಶಾನಕ್ಕೆ ಅರ್ಜಿ ಹಾಕೋಣ, ಬೇಗ ಮಂಜೂರಾಗುತ್ತದೆ ಎಂದರು ಕೆಲವರು. ನರ್ಸ್ ಹುಡುಗಿ ಎದ್ದು ನಿಂತು ಕೇಳಿದಳು, ‘ಹಳ್ಳಕ್ಕ ಕಾದವರು ನಮ್ಮ ಚರ್ಚಿನವರಲ್ಲ. ಅವರದು?’ ಮಾತು ಬೆಳೆಯಿತು. ಒಂದೇ ಐತವಾರದಲ್ಲಿ ತೀರಲಿಲ್ಲ. ಕಡೆಗೆ ಎರಡೂ ಕೇರಿಯ ಎಲ್ಲರಿಗೂ ಎಂದೇ ಬರೆದರು. ಸಹಿ ಮಾಡಿದವರಲ್ಲಿ ಚರ್ಚಿನ ಹೊರಗಿನವರು ಅರ್ಧಕ್ಕಿಂತ ಹೆಚ್ಚು. ಸರ್ವೆಯವರು ಬಂದು ಗಾಯರಾಣದಲ್ಲಿ ಒಂದು ತುಂಡು ಅಳೆದು ಹೋಗಿದ್ದಾರೆ. ಪಕ್ಕದ ಹೊಲದವರು ತಕರಾರು ಹಾಕಿದ್ದಾರೆ. ಬರುವ ತಿಂಗಳು ತಹಶೀಲ ಕಚೇರಿಯಲ್ಲಿ ವಿಚಾರಣೆ ಇದೆ. ಎರಡು ಟ್ರ್ಯಾಕ್ಸ್ ಗಾಡಿ ಹೇಳಿದ್ದೇವೆ, ಬರುವವರ ಹೆಸರು ಬರೆದುಕೊಳ್ಳುತ್ತಿದ್ದಾರೆ.